ಲೂಪಸ್ ಇದ್ದಾಗ ನರದ ತೊಂದರೆ ಗುರುತಿಸುವುದು ಹೇಗೆ

ನನಗೆ ಲೂಪಸ್ ಇದೆ. ಅಂದರೆ ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ದಾಳಿ ಮಾಡುವ ಕಾಯಿಲೆ; ಅದು ನರ, ಮೆದುಳಿಗೂ ತಾಗಬಹುದು. ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಆಗಲಿಲ್ಲ. ಗುಂಡಿ ಬೆರಳಿಗೆ ಸಿಕ್ಕಿದ್ದೇ ಗೊತ್ತಾಗುತ್ತಿರಲಿಲ್ಲ. ಸುಮ್ನೆ ಸುಸ್ತು ಅಂದುಕೊಂಡು ಮೂರು ವಾರ ಕಳೆದೆ. ನೀವು ಹಾಗೆ ಮಾಡಬೇಡಿ.

ಒಂದು ಪುಟ್ಟ ನೋಟ್‌ಬುಕ್ ಇಡಿ. ಜೋಮು, ಉರಿ, ಮರೆವು, ತಲೆನೋವು ಯಾವುದೇ ಇರಲಿ, ಶುರುವಾದ ದಿನ, ಯಾವ ಕಡೆ, ಎಷ್ಟು ಹೊತ್ತು ಇತ್ತು ಅಂತ ಬರೆದು ಡಾಕ್ಟರಿಗೆ ತೋರಿಸಿ. ಲೂಪಸ್‌ಗೆ ಸ್ಟೀರಾಯ್ಡ್ ಮಾತ್ರೆ ತಗೊಳ್ತಿದ್ದರೆ ಅದರ ಡೋಸ್ ಬದಲಾದ ದಿನವನ್ನೂ ಬರೆಯಿರಿ. ಆ ಮಾತ್ರೆಯಿಂದಲೂ ನಿದ್ದೆ, ಮನಸ್ಸು ಕೆಡಬಹುದು, ಅಲ್ವಾ? ಹಾಗಂತ ನೀವೇ ನಿಲ್ಲಿಸಬೇಡಿ. ತಟ್ಟನೆ ಬಿಟ್ಟರೆ ಅಪಾಯ ಜಾಸ್ತಿ.

ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಕಾಲಿನ ಬಲ ಹೋದರೆ, ಮೂತ್ರ ಕಟ್ಟಿದರೆ ನೋಟ್‌ಬುಕ್ ಹುಡುಕುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಲೂಪಸ್ ಇದೆ ಅಂತ ಮೊದಲ ಮಾತಿನಲ್ಲೇ ಹೇಳಿ.