ವಾಟ್ಸಾಪ್‌ನಲ್ಲಿ ಕೇರಳ ಲಾಟರಿ ತಗೊಳ್ಳೋ ಮುಂಚೆ ಇದನ್ನು ಓದಿ

ಕೇರಳ ಸರ್ಕಾರದ 2024ರ ಓಣಂ ಬಂಪರ್ ಲಾಟರಿಯ 25 ಕೋಟಿ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ ಬಂದಿತ್ತಲ್ಲ, ಹುಬ್ಬಳ್ಳಿ ದುರ್ಗದಬೈಲಿನ ಗಿರಮಿಟ್ ಗಾಡಿ ಹತ್ತಿರಾನೂ ಅದೇ ಮಾತು. ಆದರೆ ಆ ಸಲ ಮಾರಾಟವಾಗಿದ್ದು 70 ಲಕ್ಷಕ್ಕೂ ಹೆಚ್ಚು ಟಿಕೆಟ್. ನಮ್ಮ ಹುಬ್ಬಳ್ಳಿ-ಧಾರವಾಡದ ಜನ 2011ರ ಗಣತಿಯಲ್ಲಿ ಸುಮಾರು 9.4 ಲಕ್ಷ. ಇಂಥ ಏಳು ಊರಿನ ಎಲ್ಲರ ಕೈಗೂ, ಕೂಸುಗಳನ್ನೂ ಬಿಡದೆ, ಒಂದೊಂದು ಟಿಕೆಟ್ ಕೊಟ್ಟು ಒಬ್ಬರನ್ನು ಆರಿಸಿದ ಹಾಗೆ! ಟಿಕೆಟ್ ಬೆಲೆ 500 ರೂಪಾಯಿ. ಗೆದ್ದರೂ ಏಜೆಂಟ್ ಕಮಿಷನ್ 10%, ಉಳಿದಿದ್ದಕ್ಕೆ 30% ತೆರಿಗೆ, ಮೇಲೆ ಸರ್‌ಚಾರ್ಜ್, ಸೆಸ್ ಅನ್ನೋ ಹೆಚ್ಚುವರಿ ತೆರಿಗೆ.

ಕರ್ನಾಟಕದಲ್ಲಿ 2007ರಿಂದ ಲಾಟರಿ ಬಂದ್ ಆಗಿದೆ. ಕೇರಳ ಸರ್ಕಾರ ಮಾರುವುದು ಕಾಗದದ ಟಿಕೆಟ್ ಮಾತ್ರ, ಅದೂ ಕೇರಳದೊಳಗೆ. ಆನ್‌ಲೈನ್ ಮಾರಾಟವೇ ಇಲ್ಲ. ಹಾಗಾಗಿ ಟಿಕೆಟ್ ಫೋಟೋ ಕಳಿಸಿ "ಫೋನ್‌ಪೇ ಮಾಡಿ ಸರ್" ಅನ್ನುವವರಿಗೆ ಒಂದು ರೂಪಾಯಿನೂ ಹಾಕಬೇಡಿ. "ನಿಮಗೆ ಬಹುಮಾನ ಬಂದಿದೆ, ಮೊದಲು ಜಿಎಸ್‌ಟಿ ಕಟ್ಟಿ" ಅಂದರಂತೂ ಪಕ್ಕಾ ಮೋಸ. ನಿಜವಾದ ಬಹುಮಾನದಲ್ಲಿ ತೆರಿಗೆ ಹಿಡಿದುಕೊಂಡೇ ದುಡ್ಡು ಕೊಡುತ್ತಾರೆ.

ಆಗಲೇ ಹಾಕಿಬಿಟ್ಟಿದ್ದರೆ ನಾಚಿಕೊಂಡು ಸುಮ್ನೆ ಕೂರಬೇಡಿ, ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಬ್ಯಾಂಕಿನಲ್ಲಿ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ.