ಅಂಗಡಿ ಮುಚ್ಚುವ ಹೊತ್ತಿಗೆ ಯುಎಸ್‌ಬಿಯಲ್ಲಿ ಉಳಿದದ್ದು

ಶಿರಸಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಾಳಮದ್ದಲೆಯ ಕರಪತ್ರ, ಬಿಲ್ ಬುಕ್ಕು ವರ್ಷವಿಡೀ ಇದ್ದದ್ದೇ. ಆಗಸ್ಟ್ ಬಂತೆಂದರೆ ಸಹಕಾರಿ ಸಂಘಗಳ ವಾರ್ಷಿಕ ವರದಿಗಳ ಗಡಿಬಿಡಿ. ಸೆಪ್ಟೆಂಬರಿನಲ್ಲಿ ಸರ್ವಸಾಧಾರಣ ಸಭೆ. ಅಷ್ಟರೊಳಗೆ ಪುಸ್ತಕ ಸದಸ್ಯರ ಕೈ ಸೇರಬೇಕು. ಅಂಥ ಒಂದು ಆಗಸ್ಟಿನಲ್ಲಿ ನನ್ನ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿನಿಂದ ಒಂದು ಸಂಘದ ಹದಿನಾಲ್ಕು ಪುಟ ಕಾಣೆಯಾದವು.

ರಾತ್ರಿ ಎಂಟೂವರೆಗೆ ಶಟ್‌ಡೌನ್ ಕೊಟ್ಟಿದ್ದೆ. ಪರದೆ ಕಪ್ಪಾಯಿತು, ಸಿಪಿಯುವಿನ ಫ್ಯಾನ್ ನಿಂತಿತು. ಆಮೇಲೆಯೇ ಡಿಸ್ಕಿನ ಕೇಬಲ್ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮನೆಗೆ ಒಯ್ದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಕೂತು ಜಮಾಖರ್ಚಿನ ಪುಟಗಳ ತಿದ್ದುಪಡಿ ಮುಗಿಸಿ ಅದೇ ಡಿಸ್ಕಿನಲ್ಲಿ ಸೇವ್ ಮಾಡಿದೆ. ಬೆಳಿಗ್ಗೆ ಅಂಗಡಿಯಲ್ಲಿ ಡಿಸ್ಕ್ ಸಿಕ್ಕಿಸಿ ಕಂಪ್ಯೂಟರ್ ಆನ್ ಮಾಡಿದರೆ ರಾತ್ರಿ ಮಾಡಿದ ಫೋಲ್ಡರೇ ಇಲ್ಲ. ಹಳೆಯ ಎರಡು ಫೈಲುಗಳೂ ತೆರೆಯಲಿಲ್ಲ. ಡಿಸ್ಕ್ ಚೆಕ್ ಓಡಿಸಿದ ಮೇಲೆ ‘ಫೌಂಡ್.000’ ಎಂಬ ಫೋಲ್ಡರೊಂದು ಹುಟ್ಟಿತು. ಒಳಗೆ ಹೆಸರು ಕಳೆದುಕೊಂಡ ಚೂರುಗಳು. ಹತ್ತು ಗಂಟೆಗೆ ಸಂಘದ ಕಾರ್ಯದರ್ಶಿಗಳು ಛತ್ರಿ ಮಡಚುತ್ತ ಒಳಗೆ ಬಂದು, “ತಮಾ, ಪ್ರೂಫ್ ತೆಗೆದಿಟ್ಟಿದ್ದೀಯಾ?” ಎಂದು ಕೇಳಿದಾಗ ನನಗೆ ಬಾಯಿ ಬರಲಿಲ್ಲ. ಅವರು ಬೈಯಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಒಂದೊಂದೇ ಅಂಕಿ ಓದಿ ಹೇಳಿದರು, ನಾನು ಮತ್ತೆ ಟೈಪ್ ಮಾಡಿದೆ. ಸಂಜೆಯಾಯಿತು. ಆ ದಿನವನ್ನು ನಾನು ಮರೆತಿಲ್ಲ.

ಡಿಸ್ಕೇ ಕೆಟ್ಟಿದೆ ಎಂದುಕೊಂಡು ಹೊಸದನ್ನು ಕೊಂಡೆ. ನಿಜವಾದ ಕಾರಣ ಹೊಳೆದದ್ದು ಮರುವರ್ಷ, ಮಗನಿಂದ. ಅವನು ಡಿಪ್ಲೊಮಾ ಓದುತ್ತಾನೆ, ಲ್ಯಾಪ್‌ಟಾಪಿಗೆ ವಿಂಡೋಸಿನ ಬದಲು ಉಬುಂಟು ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದಾನೆ. ಅಂಗಡಿಯಿಂದ ತಂದ ಡಿಸ್ಕನ್ನು ಅದಕ್ಕೆ ಸಿಕ್ಕಿಸಿದೆ. “ಅಪ್ಪಾ, ಫೈಲ್ ಓದ್ಲಿಕ್ಕೆ ಬರ್ತದೆ, ಏನೂ ಸೇವ್ ಮಾಡ್ಲಿಕ್ಕೆ ಬಿಡ್ತಾ ಇಲ್ಲ” ಎಂದ. ಅವನು ತೆರೆದು ತೋರಿಸಿದ ಸಂದೇಶದ ಸಾರ ಇಷ್ಟು: ಯಾವ ಫೈಲ್ ಎಲ್ಲಿದೆ ಎಂಬ ಈ ಡಿಸ್ಕಿನ ಲೆಕ್ಕದಲ್ಲಿ ಒಂದಷ್ಟನ್ನು ವಿಂಡೋಸ್ ತನ್ನ ಹತ್ತಿರವೇ ಇಟ್ಟುಕೊಂಡಿದೆ, ವಿಂಡೋಸನ್ನು ಪೂರ್ತಿಯಾಗಿ ಶಟ್‌ಡೌನ್ ಮಾಡಿ. ‘ಪೂರ್ತಿಯಾಗಿ’ ಎಂಬ ಮಾತಿನ ಮೇಲೆ ನನ್ನ ಕಣ್ಣು ನಿಂತಿತು. ನಾನು ಶಟ್‌ಡೌನ್ ಮಾಡಿಯೇ ಬಂದಿದ್ದೆನಲ್ಲ!

ವಿಂಡೋಸ್ 8 ಬಂದದ್ದು 2012ರಲ್ಲಿ. ಅದರ ಜೊತೆಗೇ ‘ಫಾಸ್ಟ್ ಸ್ಟಾರ್ಟಪ್’ ಎಂಬುದೂ ಬಂತು. ಶಟ್‌ಡೌನ್ ಕೊಟ್ಟಾಗ ನಾವು ತೆರೆದ ಪ್ರೋಗ್ರಾಮುಗಳೆಲ್ಲ ಮುಚ್ಚುತ್ತವೆ, ಆದರೆ ವಿಂಡೋಸಿನ ತಿರುಳು ಭಾಗ ಮುಚ್ಚುವುದಿಲ್ಲ. ಅದು ತನ್ನ ಆ ಹೊತ್ತಿನ ಸ್ಥಿತಿಯನ್ನು ಒಂದು ಫೈಲಿಗೆ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಅಲ್ಲಿಂದಲೇ ಏಳುತ್ತದೆ. ಬೇಗ ಆನ್ ಆಗುವುದು ಅದಕ್ಕೇ. ಆಗ ಸಿಕ್ಕಿಸಿಯೇ ಇದ್ದ ಡಿಸ್ಕಿನ ವಿವರವೂ ಆ ಸ್ಥಿತಿಯೊಳಗೆ ಉಳಿದುಬಿಡಬಹುದು. ನಡುವೆ ಡಿಸ್ಕ್ ಬೇರೆ ಕಂಪ್ಯೂಟರಿಗೆ ಹೋಗಿ ಬದಲಾಗಿ ಬಂದರೆ, ನಿನ್ನೆಯ ಲೆಕ್ಕ ಹಿಡಿದುಕೊಂಡು ಎದ್ದ ವಿಂಡೋಸ್ ಇವತ್ತಿನ ಡಿಸ್ಕಿನ ಮೇಲೆ ಬರೆಯಲು ಹೊರಡುತ್ತದೆ. ನನ್ನ ಹದಿನಾಲ್ಕು ಪುಟಗಳಿಗೆ ಆದದ್ದು ಇದೇ ಇರಬೇಕು. ವಿಚಿತ್ರವೆಂದರೆ ರೀಸ್ಟಾರ್ಟ್ ಕೊಟ್ಟರೆ ಎಲ್ಲವೂ ಪೂರ್ತಿ ಮುಚ್ಚಿ ತೆರೆಯುತ್ತದೆ, ಶಟ್‌ಡೌನ್ ಕೊಟ್ಟರೆ ಇಲ್ಲ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಒತ್ತಿದರೆ ಆ ಒಂದು ಸಲಕ್ಕೆ ಪೂರ್ತಿ ಆರುತ್ತದೆ. ನಾನು ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ಕನ್ನೇ ತೆಗೆದುಬಿಟ್ಟೆ. ಆನ್ ಆಗಲು ಸ್ವಲ್ಪ ಹೆಚ್ಚು ಹೊತ್ತು ಹಿಡಿದರೆ ಹಿಡಿಯಲಿ.

ಅಲ್ಲಿಂದ ಮೇಲೆ ಅಂಗಡಿ ಮುಚ್ಚುವಾಗ ಸುಮ್ಮನೆ ನಿಂತು ನೋಡುವ ಅಭ್ಯಾಸ ಬಂತು. ಲೈಟ್ ಆರಿಸಿದ ಮೇಲೂ ಮೇಜಿನ ಮೇಲೆ ಮೌಸಿನಡಿಯ ಕೆಂಪು ಬೆಳಕು ಕಾಣುತ್ತಿತ್ತು. ಕಂಪ್ಯೂಟರ್ ಆರಿದ್ದರೂ ಗೋಡೆಯ ಸ್ವಿಚ್ ಆನ್ ಇರುವ ತನಕ ಒಳಗಿನ ಪವರ್ ಸಪ್ಲೈ 5 ವೋಲ್ಟ್ ಸ್ಟ್ಯಾಂಡ್‌ಬೈ ಕರೆಂಟ್ ಕೊಡುತ್ತಲೇ ಇರುತ್ತದೆ, ಕೆಲವು ಮದರ್‌ಬೋರ್ಡುಗಳು ಅದನ್ನು ಯುಎಸ್‌ಬಿಗೂ ಹರಿಸುತ್ತವೆ. ವಿಂಡೋಸಿಗೂ ಮೊದಲು ಏಳುವ, ಮದರ್‌ಬೋರ್ಡಿನದೇ ಆದ ಬಯಾಸ್ ಎಂಬ ಸಾಫ್ಟ್‌ವೇರಿನಲ್ಲಿ ‘ಇಆರ್‌ಪಿ’ ಎಂಬ ಆಯ್ಕೆಯಿದ್ದರೆ ಅದನ್ನು ಆನ್ ಮಾಡಿ ಇದನ್ನು ನಿಲ್ಲಿಸಬಹುದು. ಮೌಸಿಗೆ ಇದರಿಂದ ಏನೂ ತೊಂದರೆಯಿಲ್ಲ. ನನ್ನ ಡಿಸ್ಕಿಗೆ ಇತ್ತು. ಕಂಪ್ಯೂಟರ್ ಆರಿದ ಮೇಲೂ ಅದು ತಿರುಗುತ್ತಲೇ ಇರುತ್ತಿತ್ತು, ನಾನು ಗೋಡೆಯ ಸ್ವಿಚ್ ಆರಿಸಿದ ಕ್ಷಣ ಒಳಗಿಂದ ‘ಟಕ್’ ಎಂದು ಗಟ್ಟಿ ಸದ್ದು ಬರುತ್ತಿತ್ತು. ತಟ್ಟೆಗಳ ಮೇಲೆ ಕೂದಲೆಳೆಗಿಂತಲೂ ಎಷ್ಟೋ ಸಣ್ಣ ಅಂತರದಲ್ಲಿ ತೇಲುತ್ತ ಓದಿ ಬರೆಯುವ ಹೆಡ್ಡು, ಕರೆಂಟ್ ಏಕಾಏಕಿ ಹೋದಾಗ ಬದಿಗೆ ಓಡುವ ಸದ್ದು ಅದು. ಆ ಓಟಕ್ಕೆ ಬೇಕಾದ ಶಕ್ತಿ, ಇನ್ನೂ ತಿರುಗುತ್ತಿರುವ ತಟ್ಟೆಯಿಂದಲೇ ಬರುತ್ತದಂತೆ. ಮೋಟರು ಆ ಗಳಿಗೆಗೆ ಡೈನಮೋ ಆಗುತ್ತದೆ. ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದ ಯಂತ್ರವನ್ನು ನಾನು ದಿನಾ ಹಾಗೆ ಬೆದರಿಸುತ್ತಿದ್ದೆನಲ್ಲ ಎಂದು ಬೇಸರವಾಯಿತು. ಡಿಸ್ಕಿನ ಆರೋಗ್ಯ ತೋರಿಸುವ ಸಾಫ್ಟ್‌ವೇರಿನಲ್ಲಿ ‘ಪವರ್ ಆಫ್ ರಿಟ್ರ್ಯಾಕ್ಟ್ ಕೌಂಟ್’ ಎಂಬ ಸಾಲು ಇರುತ್ತದೆ, 192ನೆಯದು. ಹೆಡ್ಡು ಹೀಗೆ ಓಡಿದ್ದು ಎಷ್ಟು ಸಲ ಎಂಬ ಲೆಕ್ಕ ಅದು. ಒಂದು ವಾರ ಬರೆದಿಟ್ಟು ನೋಡಿದೆ. ದಿನಕ್ಕೊಂದರಂತೆ ಏರುತ್ತಿತ್ತು. ಶಟ್‌ಡೌನಿಗೆ ಮೊದಲೇ, ಡಿಸ್ಕನ್ನು ಬಿಟ್ಟುಕೊಡು ಎಂದು ವಿಂಡೋಸಿಗೆ ಹೇಳುವ ಇಜೆಕ್ಟ್ ಕೊಟ್ಟು, ಡಿಸ್ಕಿನ ಮೇಲೆ ಬೆರಳಿಟ್ಟು ನಡುಕ ನಿಂತದ್ದು ತಿಳಿದ ಮೇಲೆ ಕೇಬಲ್ ತೆಗೆಯತೊಡಗಿದೆ. ಸಂಖ್ಯೆ ಅಲ್ಲಿಗೇ ನಿಂತಿತು.

ಗಿರಾಕಿಗಳ ಪೆನ್‌ಡ್ರೈವಿನದು ಬೇರೆ ತಾಪತ್ರಯ. ಸಿಪಿಯು ಹಿಂದೆ ಮರೆತು ಉಳಿದ ಒಂದರಿಂದಾಗಿ ಬೆಳಿಗ್ಗೆ ಕಂಪ್ಯೂಟರ್ ಶುರುವೇ ಆಗಲಿಲ್ಲ. ಕಪ್ಪು ಪರದೆ, ಸರಿಯಾದ ಬೂಟ್ ಡಿವೈಸ್ ಹಾಕಿ ಎಂಬ ಒಂದು ಸಾಲು. ಬಯಾಸ್ ಮೊದಲು ಯುಎಸ್‌ಬಿಯನ್ನೇ ಹುಡುಕುವಂತೆ ಇತ್ತು. ಪೆನ್‌ಡ್ರೈವ್ ತೆಗೆದೆ, ಶುರುವಾಯಿತು. ಹಾರ್ಡ್‌ಡಿಸ್ಕನ್ನು ಪಟ್ಟಿಯಲ್ಲಿ ಮೊದಲಿಗೆ ತಂದಿಟ್ಟೆ.

ಹಾಗೆಂದು ಎಲ್ಲವನ್ನೂ ದಿನಾ ಕಿತ್ತಿಡುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಸಾಮಾನ್ಯ ಯುಎಸ್‌ಬಿ ಪೋರ್ಟು ಕನಿಷ್ಠ 1500 ಸಲ ಹಾಕಿ ತೆಗೆಯಲು ತಾಳಬೇಕು ಎಂಬುದು ಅದರ ಅಳತೆ. ನಮ್ಮಂಥ ಅಂಗಡಿಯಲ್ಲಿ ಅದು ಬೇಗ ಮುಗಿಯುತ್ತದೆ. ಕೀಬೋರ್ಡ್, ಮೌಸ್, ಸ್ಕ್ಯಾನರ್ ಇದ್ದಲ್ಲೇ ಇರುತ್ತವೆ. ಪ್ರಿಂಟರಿನ ಕೇಬಲ್ಲೂ ಹಾಗೇ. ಆದರೆ ಪ್ರಿಂಟರನ್ನು ಅದರದೇ ಬಟನ್ನಿನಿಂದ ಆರಿಸುತ್ತೇನೆ. ಇಂಕಿನ ಹೆಡ್ಡು ತನ್ನ ಮುಚ್ಚಳದಡಿ ಹೋಗಿ ಕೂರಲು ಸಮಯ ಬೇಕು, ಇಲ್ಲದಿದ್ದರೆ ಶಾಯಿ ಒಣಗುತ್ತದೆ. ಪೆನ್‌ಡ್ರೈವಿಗೆಂದು ಒಂದು ಗೇಣಿನ ಎಕ್ಸ್‌ಟೆನ್ಷನ್ ಕೇಬಲನ್ನು ಮೇಜಿನ ಮುಂದಕ್ಕೆ ತಂದಿಟ್ಟಿದ್ದೇನೆ. ಸವೆದರೆ ಕೇಬಲ್ ಸವೆಯಲಿ. ಎದುರಿಗೇ ಇರುವುದರಿಂದ ಮರೆಯುವುದೂ ಇಲ್ಲ.

ಪೆನ್‌ಡ್ರೈವಿನಂತೆ ಸಿಕ್ಕಿಸುವ ಡಿಜಿಟಲ್ ಸಹಿಯ ಟೋಕನ್ನನ್ನು ಮಾತ್ರ ಒಂದು ನಿಮಿಷವೂ ಉಳಿಸಿಕೊಳ್ಳುವುದಿಲ್ಲ. ಟೆಂಡರ್ ಹಾಕಲು ಬಂದವರು ಅದನ್ನು ಬಿಟ್ಟು ಹೊರಟರೆ ರಸ್ತೆಯವರೆಗೆ ಹೋಗಿ ಕೊಟ್ಟು ಬರುತ್ತೇನೆ. ಅದು ಅವರ ಸಹಿ, ನನ್ನ ಮೇಜಿನ ಮೇಲೆ ರಾತ್ರಿ ಕಳೆಯಬಾರದು.

2018ರ ಕೊನೆಗೆ ಬಂದ ವಿಂಡೋಸ್ 10ರ ಅಪ್‌ಡೇಟಿನಿಂದೀಚೆಗೆ ಬರೆಯುವುದನ್ನು ಬಾಕಿ ಇಟ್ಟುಕೊಳ್ಳದ ‘ಕ್ವಿಕ್ ರಿಮೂವಲ್’ ವ್ಯವಸ್ಥೆ ತಾನಾಗಿಯೇ ಇರುತ್ತದೆ, ಇಜೆಕ್ಟ್ ಕೊಡಬೇಕಾಗಿಲ್ಲ ಎಂದು ಹೇಳುವವರಿದ್ದಾರೆ. ಕಾಪಿ ಪೂರ್ತಿ ಮುಗಿದ ಪೆನ್‌ಡ್ರೈವಿನ ಮಟ್ಟಿಗೆ ಒಪ್ಪಬಹುದು. ಹಿಂದೆ ಯಾವುದೋ ಪ್ರೋಗ್ರಾಮು ಇನ್ನೂ ಬರೆಯುತ್ತಿದ್ದರೆ ಅದು ಕಾಯುವುದಿಲ್ಲ, ತಿರುಗುವ ಡಿಸ್ಕಿನ ಹೆಡ್ಡನ್ನಂತೂ ಅದು ಬದಿಗಿಡುವುದಿಲ್ಲ. ಇಜೆಕ್ಟ್ ಕೊಟ್ಟಾಗ ‘ಡಿವೈಸ್ ಬಳಕೆಯಲ್ಲಿದೆ’ ಎಂದು ಹಟ ಹಿಡಿದರೆ ಪುಟ ವಿನ್ಯಾಸದ ಕೋರೆಲ್ ಪ್ರೋಗ್ರಾಮನ್ನು ಮುಚ್ಚಿ, ಡಿಸ್ಕಿನ ಫೋಲ್ಡರ್ ತೆರೆದಿದ್ದರೆ ಅದನ್ನೂ ಮುಚ್ಚಿ ನೋಡುತ್ತೇನೆ. ಆಗಲೂ ಬಿಡದಿದ್ದರೆ ಶಿಫ್ಟ್ ಹಿಡಿದು ಶಟ್‌ಡೌನ್ ಕೊಡುತ್ತೇನೆ. ಡಿಸ್ಕಿನ ದೀಪ ಮಿನುಗುವುದು ನಿಂತು, ನಡುಕವೂ ನಿಂತ ಮೇಲೆ ಕೇಬಲ್ ತೆಗೆಯುತ್ತೇನೆ. ಗೋಡೆಯ ಸ್ವಿಚ್ಚು ಅದಾದ ಮೇಲೆ.