ಉದ್ಯಮದ ಇರಾದೆಯನ್ನು ಅಳೆಯುವ ಪ್ರಶ್ನಾವಳಿ ಸಿದ್ಧಪಡಿಸುವುದು ಹೇಗೆ?

ಸ್ವಂತ ಉದ್ಯಮ ಶುರು ಮಾಡುವ ಇರಾದೆ ವಿದ್ಯಾರ್ಥಿಗಳಲ್ಲಿ ಎಷ್ಟಿದೆ, ಅದನ್ನು ಯಾವ ಗುಣಗಳು ರೂಪಿಸುತ್ತವೆ ಎಂದು ಸಮೀಕ್ಷೆಗೆ ಹೊರಟವರು ಎಡವುವುದು ಪ್ರಶ್ನೆಗಳಲ್ಲೇ. 'ನೀವು ಧೈರ್ಯವಂತರೇ?' ಎಂದು ಕೇಳಿದರೆ ಇಲ್ಲ ಎನ್ನುವವರು ಅಪರೂಪ. 'ಲಾಭ ಕಡಿಮೆಯಾದರೂ ಖಚಿತವಾಗಿ ಸಿಗುವುದನ್ನೇ ಆರಿಸುತ್ತೇನೆ' ಎಂಬಂಥ ಹೇಳಿಕೆ ಕೊಟ್ಟು, ಅದನ್ನು ಎಷ್ಟು ಒಪ್ಪುತ್ತಾರೆಂದು 1ರಿಂದ 7ರವರೆಗೆ ಅಂಕ ಹಾಕಿಸಿ.

ಗುಣಗಳು ನಾಲ್ಕು ಸಾಕು: ಸಾಧನೆಯ ತುಡಿತ, ರಿಸ್ಕ್ ತೆಗೆದುಕೊಳ್ಳುವ ಮನಸ್ಸು, ಹೊಸತನ, ಮತ್ತು ಫಲ ತನ್ನ ಪ್ರಯತ್ನದಿಂದ ಬರುತ್ತದೋ ಅದೃಷ್ಟದಿಂದಲೋ ಎಂಬ ನಂಬಿಕೆ. ಈ ಕೊನೆಯದಕ್ಕೆ ಮನೋವಿಜ್ಞಾನಿ ಜೂಲಿಯನ್ ರಾಟರ್ 1966ರಲ್ಲೇ ಮಾಪನ ಪ್ರಕಟಿಸಿದ್ದರು. ಒಂದೊಂದಕ್ಕೆ 4ರಂತೆ 16 ಹೇಳಿಕೆಗಳಾದವು.

ಗುಣದಿಂದ ನೇರವಾಗಿ ಇರಾದೆಗೆ ಹಾರಬೇಡಿ. ಮನೋವಿಜ್ಞಾನಿ ಐಸೆಕ್ ಐಜೆನ್ 1991ರಲ್ಲಿ ವಿವರಿಸಿದ ಸಿದ್ಧಾಂತದಲ್ಲಿ ಇರಾದೆ ಹುಟ್ಟುವುದು ಮೂರರಿಂದ: ಆ ಕೆಲಸದ ಬಗೆಗಿನ ಮನೋಭಾವ, ಹತ್ತಿರದವರ ಒಪ್ಪಿಗೆ, ತನ್ನಿಂದಾಗುತ್ತದೆಂಬ ಭರವಸೆ. ಮೊದಲೆರಡಕ್ಕೆ 3 ಹೇಳಿಕೆಗಳಂತೆ, ಭರವಸೆಗೆ 4 ಇಡಿ. ಭರವಸೆಯನ್ನು ಕೆಲಸ ಬಿಡಿಸಿ ಕೇಳಬೇಕು: ಗಿರಾಕಿ ಹುಡುಕುವುದು, ಬೆಲೆ ಕಟ್ಟುವುದು, ಬಂಡವಾಳ ಹೊಂದಿಸುವುದು, ಲೆಕ್ಕ ಇಡುವುದು.

ಇರಾದೆಗೆ ಇನ್ನು 4. ಇಲ್ಲಿ ಕಾಲಮಿತಿ ಇರಲೇಬೇಕು. 'ಮುಂದೊಂದು ದಿನ' ಎಂದು ಕೇಳಿದರೆ ಸಿಗುವುದು ಆಸೆ. 'ಇನ್ನು 3 ವರ್ಷದೊಳಗೆ' ಎಂದರೆ ಉತ್ತರಗಳು ಬೇರೆಯಾಗುತ್ತವೆ.

ಮೊದಲು 30 ಜನರ ಮೇಲೆ ಪರೀಕ್ಷಿಸಿ. ವಿರುದ್ಧ ಅರ್ಥದ ಹೇಳಿಕೆಗಳ ಅಂಕವನ್ನು 8ರಿಂದ ಕಳೆದು ತಿರುಗಿಸಿ. ಇದನ್ನು ಮರೆತರೆ ಕ್ರಾನ್‌ಬಾಕ್ ಆಲ್ಫಾ (ಒಂದೇ ಗುಣದ ಹೇಳಿಕೆಗಳ ಉತ್ತರಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂಬುದರ ಅಳತೆ) ಕುಸಿಯುತ್ತದೆ, ತಪ್ಪು ಪ್ರಶ್ನೆಯದೆಂದು ಭಾವಿಸಿ ಒಳ್ಳೆಯ ಹೇಳಿಕೆಯನ್ನೇ ಕಿತ್ತುಹಾಕುತ್ತೀರಿ. ತಿರುಗಿಸಿದ ಮೇಲೂ 0.7ಕ್ಕಿಂತ ಕಡಿಮೆ ಬಂದರೆ ಭಾಷೆ ತಿದ್ದಿ.

ಎಲ್ಲ ಸೇರಿ 30 ಹೇಳಿಕೆಗಳಾದವು; ಹೇಳಿಕೆಗೆ 10 ಜನರ ಲೆಕ್ಕದಲ್ಲಿ 300 ಜನರ ಉತ್ತರಗಳು ಬೇಕು. ಗುಣ, ಇರಾದೆ ಎರಡನ್ನೂ ಒಂದೇ ಕೂರಿಕೆಯಲ್ಲಿ ಕೇಳಿದರೆ ಆ ಹೊತ್ತಿನ ಉತ್ಸಾಹ ಎರಡಕ್ಕೂ ಅಂಟಿ, ಇಲ್ಲದ ನಂಟು ಕಾಣಿಸಬಹುದು. ಎರಡು ವಾರ ಬಿಟ್ಟು ಇರಾದೆ ಕೇಳಿ. ಉತ್ತರ ಜೋಡಿಸಲು ಹೆಸರಿನ ಬದಲು ಗುರುತಿನ ಸಂಖ್ಯೆ ಕೊಡಿ. ಎರಡನೇ ಸಲ ಕೆಲವರು ತಪ್ಪಿಸಿಕೊಳ್ಳುವುದರಿಂದ ಆರಂಭದಲ್ಲೇ ಹೆಚ್ಚು ಜನರನ್ನು ಸೇರಿಸಿಕೊಳ್ಳಿ.

ಮನೆಯಲ್ಲಿ ವ್ಯಾಪಾರವಿದೆಯೇ ಎಂಬುದನ್ನೂ ದಾಖಲಿಸಿ. ಆ ಅಂಶವನ್ನು ವಿಶ್ಲೇಷಣೆಯಲ್ಲಿ ಸೇರಿಸದಿದ್ದರೆ, ಹಿರಿಯರನ್ನು ನೋಡಿ ಕಲಿತದ್ದೆಲ್ಲ ಹುಟ್ಟುಗುಣದ ಲೆಕ್ಕಕ್ಕೆ ಹೋಗುತ್ತದೆ.